ಕಪ್ಪು ವಿಂಡೋದಿಂದ ಸರ್ವಿಸ್‌ಗೆ: ಸಹಕಾರ ಸಂಘದ ಕಚೇರಿಯ ಒಂದು ಟಾಮ್‌ಕ್ಯಾಟ್ ಪ್ರಕರಣ

ಕಚೇರಿಯಲ್ಲಿದ್ದ ವ್ಯವಸ್ಥೆ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರ ಕಚೇರಿ. ಇರುವುದು ಆರು ಕಂಪ್ಯೂಟರ್. ಪ್ರತ್ಯೇಕ ಸರ್ವರ್ ಇಲ್ಲ. ಕಾರ್ಯದರ್ಶಿಯ ಮೇಜಿನ ಮೇಲಿನ ಡೆಸ್ಕ್‌ಟಾಪೇ ಸರ್ವರ್. ಅದರಲ್ಲಿ 64 ಬಿಟ್ ವಿಂಡೋಸ್ 10 ಪ್ರೊ, 8 ಜಿಬಿ ರ‍್ಯಾಮ್, ಜಾವಾ 8, ಜಾವಾದ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಅಪಾಚೆ ಟಾಮ್‌ಕ್ಯಾಟ್ 9, ಡೇಟಾಬೇಸ್ ಆಗಿ ಮೈಎಸ್‌ಕ್ಯುಎಲ್ 8. ಸದಸ್ಯರ ಪಟ್ಟಿ, ಸಾಲದ ಖಾತೆ, ರಸೀದಿ ಎಲ್ಲವೂ ಟಾಮ್‌ಕ್ಯಾಟ್‌ನೊಳಗೆ ಓಡುವ ಒಂದೇ ವಾರ್ ಫೈಲಿನ (ಇಡೀ ವೆಬ್ ಅಪ್ಲಿಕೇಶನ್ನನ್ನು ಕಟ್ಟಿಟ್ಟ ಫೈಲು) ಅಪ್ಲಿಕೇಶನ್‌ನಲ್ಲಿವೆ. ಉಳಿದ ಐದು ಕಂಪ್ಯೂಟರ್‌ನವರು ಬ್ರೌಸರ್‌ನಲ್ಲಿ 8080 ಪೋರ್ಟಿಗೆ ಹೋಗಿ ಕೆಲಸ ಮಾಡುತ್ತಾರೆ. ಈ ಟಾಮ್‌ಕ್ಯಾಟನ್ನು ವಿಂಡೋಸ್ ಸರ್ವಿಸ್ ಮಾಡಿದ, ಅಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ತಾನಾಗಿ ಓಡುವಂತೆ ಮಾಡಿದ ಕಥೆ ಇದು.

ಟಾಮ್‌ಕ್ಯಾಟ್ ಫೋಲ್ಡರ್ ಕಾರ್ಯದರ್ಶಿಯ ಡೆಸ್ಕ್‌ಟಾಪ್ ಮೇಲೇ ಬಿಚ್ಚಿಟ್ಟಿತ್ತು. ಬೆಳಿಗ್ಗೆ ಲಾಗಿನ್ ಆಗಿ ಸ್ಟಾರ್ಟಪ್.ಬ್ಯಾಟ್ ಶಾರ್ಟ್‌ಕಟ್ ಒತ್ತಿದರೆ ಕಪ್ಪು ವಿಂಡೋ ತೆರೆಯುತ್ತದೆ, ಸಾಲುಗಳು ಓಡುತ್ತವೆ, ಆಮೇಲೆ ಕೌಂಟರಿನ ಕೆಲಸ ಶುರು. ಈ ಏರ್ಪಾಡು ಎಲ್ಲೆಲ್ಲಿ ಮುರಿಯುತ್ತದೆ ಎಂದು ಹೇಳುವುದು ಕಷ್ಟವಲ್ಲ. ಕಾರ್ಯದರ್ಶಿ ರಜೆ ಹಾಕಿದ ದಿನ ಪಾಸ್‌ವರ್ಡ್ ಗೊತ್ತಿರುವವರು ಯಾರೂ ಇಲ್ಲ. ಯಾರೋ ‘ಇದೇನು ಕಪ್ಪು ಪರದೆ’ ಎಂದು ಮುಚ್ಚಿದರೆ ಆರೂ ಕಂಪ್ಯೂಟರ್ ನಿಂತವು. ಲಾಗ್ ಆಫ್ ಆದರೂ ಅಷ್ಟೇ. ರಾತ್ರಿ ವಿಂಡೋಸ್ ಅಪ್‌ಡೇಟ್ ತಾನಾಗಿ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಇವಕ್ಕಿಂತ ತಲೆಕೆಡಿಸುವ ಒಂದು ದೋಷವಿತ್ತು. ವಿಂಡೋ ತೆರೆದೇ ಇದೆ, ಟಾಮ್‌ಕ್ಯಾಟ್ ಓಡುತ್ತಲೇ ಇದೆ, ಆದರೆ ಬ್ರೌಸರ್ ಸುಮ್ಮನೆ ಸುತ್ತುತ್ತದೆ. ಕಾರಣ ಕನ್ಸೋಲ್‌ನ ‘ಕ್ವಿಕ್ ಎಡಿಟ್’ ವ್ಯವಸ್ಥೆ. ವಿಂಡೋಸ್ 10ರಲ್ಲಿ ಇದು ಮೊದಲಿನಿಂದಲೇ ಚಾಲೂ ಇರುತ್ತದೆ. ಕಪ್ಪು ವಿಂಡೋದೊಳಗೆ ಮೌಸ್ ಒಮ್ಮೆ ಒತ್ತಿದರೆ ಅದು ಅಕ್ಷರ ಆಯ್ಕೆಯ ಸ್ಥಿತಿಗೆ ಹೋಗಿ, ಪ್ರೋಗ್ರಾಂ ಬರೆಯುವ ಹೊಸ ಸಾಲನ್ನು ತಡೆಹಿಡಿಯುತ್ತದೆ. ಟಾಮ್‌ಕ್ಯಾಟ್‌ನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಲ್ಲಿ (ಥ್ರೆಡ್) ಯಾವುದು ಕನ್ಸೋಲ್‌ಗೆ ಲಾಗ್ ಬರೆಯಲು ಹೋದರೂ ಅಲ್ಲೇ ಕಾದು ನಿಲ್ಲುತ್ತದೆ. ಒಂದೊಂದಾಗಿ ಎಲ್ಲವೂ ನಿಲ್ಲುತ್ತವೆ. ವಿಂಡೋದ ಶೀರ್ಷಿಕೆಯಲ್ಲಿ ‘ಸೆಲೆಕ್ಟ್’ ಎಂಬ ಪದ ಕಂಡರೆ ಇದೇ ರೋಗ. ಎಸ್ಕೇಪ್ ಕೀ ಒತ್ತಿದರೆ ಸಾಕು, ನಿಂತದ್ದೆಲ್ಲ ಓಡುತ್ತದೆ. ಗೊತ್ತಿಲ್ಲದವರು ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡುತ್ತಾರೆ.

ಮೊದಲು ಹೊಳೆಯುವ ಮೂರು ಉಪಾಯಗಳು ಏಕೆ ಸಾಲವು

ಶಾರ್ಟ್‌ಕಟ್ಟನ್ನು ವಿಂಡೋಸ್‌ನ ಸ್ಟಾರ್ಟಪ್ ಫೋಲ್ಡರಿಗೆ ಹಾಕಬಹುದು. ಆದರೆ ಅದು ಓಡುವುದು ಲಾಗಿನ್ ಆದ ಮೇಲೆ. ಸಮಸ್ಯೆ ಇದ್ದಲ್ಲೇ ಇರುತ್ತದೆ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಕಂಪ್ಯೂಟರ್ ಆರಂಭವಾದಾಗ’ ಎಂದು ಟಾಸ್ಕ್ ಇಟ್ಟು, ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು ಎಂದು ಹೇಳಬಹುದು. ಇದು ನಿಜಕ್ಕೂ ಕೆಲಸ ಮಾಡುತ್ತದೆ, ಮೂರು ದಿನ. ಟಾಸ್ಕ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಇಷ್ಟು ಹೊತ್ತಿಗಿಂತ ಹೆಚ್ಚು ಓಡಿದರೆ ನಿಲ್ಲಿಸು’ ಎಂಬ ಗುರುತು ಮೊದಲೇ ಹಾಕಿರುತ್ತದೆ, ಅವಧಿ 3 ದಿನ. ಅದನ್ನು ತೆಗೆದರೂ, ನಿಲ್ಲಿಸಬೇಕಾದಾಗ ಟಾಸ್ಕ್ ಶೆಡ್ಯೂಲರ್ ಪ್ರಕ್ರಿಯೆಯನ್ನು ಕೊಂದುಹಾಕುತ್ತದೆಯೇ ಹೊರತು ಟಾಮ್‌ಕ್ಯಾಟ್‌ಗೆ ಕ್ರಮವಾಗಿ ಮುಚ್ಚಿಕೊಳ್ಳಲು ಹೇಳುವುದಿಲ್ಲ.

ಮೂರನೆಯದು, ಎಸ್‌ಸಿ ಕ್ರಿಯೇಟ್ ಆಜ್ಞೆಯಿಂದ ಸ್ಟಾರ್ಟಪ್.ಬ್ಯಾಟ್ ಅಥವಾ ಜಾವಾ.ಎಕ್ಸಿಯನ್ನೇ ಸರ್ವಿಸ್ ಎಂದು ನೋಂದಾಯಿಸುವುದು. ನೋಂದಣಿ ಆಗುತ್ತದೆ, ಆರಂಭ ಆಗುವುದಿಲ್ಲ; ದೋಷ 1053 ಬರುತ್ತದೆ. ವಿಂಡೋಸ್‌ನ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಒಂದು ಪ್ರೋಗ್ರಾಮನ್ನು ಆರಂಭಿಸಿದ ಮೇಲೆ ಆ ಪ್ರೋಗ್ರಾಂ ತನ್ನೊಡನೆ ಸಂಪರ್ಕ ಸಾಧಿಸಿ ‘ನಾನು ಎದ್ದಿದ್ದೇನೆ’ ಎಂದು ವರದಿ ಮಾಡಲಿ ಎಂದು 30 ಸೆಕೆಂಡ್ ಕಾಯುತ್ತದೆ. ಬ್ಯಾಚ್ ಫೈಲಿಗಾಗಲಿ ಜಾವಾ.ಎಕ್ಸಿಗಾಗಲಿ ಆ ಮಾತು ಬಾರದು. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ಸಾಮಾನ್ಯ ಪ್ರೋಗ್ರಾಂಗಳಿಗೆ ಎನ್‌ಎಸ್‌ಎಸ್‌ಎಂ, ವಿನ್‌ಎಸ್‌ಡಬ್ಲ್ಯು ಮುಂತಾದವು ಇವೆ. ಟಾಮ್‌ಕ್ಯಾಟ್‌ಗೆ ಅವು ಬೇಡ. ಅಪಾಚೆಯವರದೇ ಕಾಮನ್ಸ್ ಡೀಮನ್ ಯೋಜನೆಯ ಪ್ರಾಕ್‌ರನ್ ಅದರ ಜೊತೆಗೇ ಬರುತ್ತದೆ. ಟಾಮ್‌ಕ್ಯಾಟ್9.ಎಕ್ಸಿ ಎಂಬುದು ಹೆಸರು ಬದಲಿಸಿದ ಪ್ರಾಕ್‌ರನ್ ಅಷ್ಟೇ. ಅದು ಜಾವಾ.ಎಕ್ಸಿಯನ್ನು ಕರೆಯುವುದಿಲ್ಲ, ಜಾವಾ ಕೋಡನ್ನು ಓಡಿಸುವ ಜೆವಿಎಂ ಇರುವ ಜೆವಿಎಂ.ಡಿಎಲ್‌ಎಲ್ ಫೈಲನ್ನು ತನ್ನೊಳಗೇ ಎತ್ತಿಕೊಂಡು ಟಾಮ್‌ಕ್ಯಾಟ್‌ನ ಬೂಟ್‌ಸ್ಟ್ರಾಪ್ ಕ್ಲಾಸನ್ನು ನೇರವಾಗಿ ಓಡಿಸುತ್ತದೆ. ಈ ಒಂದು ಸಂಗತಿ ಮುಂದೆ ಎರಡು ಕಡೆ ಕಾಡಲಿದೆ.

ನೆಲ ಹದಮಾಡಿಕೊಳ್ಳುವುದು

ಟಾಮ್‌ಕ್ಯಾಟ್ ಡೌನ್‌ಲೋಡ್ ಪುಟದಲ್ಲಿ ಸಾಮಾನ್ಯ ಜಿಪ್ ಬೇರೆ, 64 ಬಿಟ್ ವಿಂಡೋಸ್ ಜಿಪ್ ಬೇರೆ. ಈ ಕಚೇರಿಯಲ್ಲಿದ್ದುದು ಸಾಮಾನ್ಯ ಜಿಪ್. ಅದರ ಬಿನ್ ಫೋಲ್ಡರಿನಲ್ಲಿ ಟಾಮ್‌ಕ್ಯಾಟ್9.ಎಕ್ಸಿಯೂ ಇಲ್ಲ, ಅದನ್ನು ಸರ್ವಿಸ್ ಆಗಿ ನೋಂದಾಯಿಸುವ ಸರ್ವಿಸ್.ಬ್ಯಾಟೂ ಇಲ್ಲ. ಅದೇ ಆವೃತ್ತಿಯ ವಿಂಡೋಸ್ ಜಿಪ್ ತರಬೇಕಾಯಿತು. ಟಾಮ್‌ಕ್ಯಾಟ್ 10ಕ್ಕೆ ಹೋಗುವ ಆಸೆ ಇಲ್ಲಿ ಬೇಡ: 10ರಿಂದ ಮುಂದೆ ಪ್ಯಾಕೇಜುಗಳ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಕ್ಕೆ ಬದಲಾಗಿದೆ, ಹಳೆಯ ಅಪ್ಲಿಕೇಶನ್ ಇದ್ದ ಹಾಗೇ ಓಡುವುದಿಲ್ಲ. ಸರ್ವಿಸ್ ಮಾಡುವ ದಿನವೇ ಆವೃತ್ತಿಯನ್ನೂ ಬದಲಿಸಿದರೆ ಯಾವುದು ಯಾವುದರಿಂದ ಕೆಟ್ಟಿತೆಂದು ತಿಳಿಯುವುದೂ ಇಲ್ಲ.

ಎರಡನೆಯದು ಜಾಗ. ಬಳಕೆದಾರನ ಡೆಸ್ಕ್‌ಟಾಪ್ ಫೋಲ್ಡರ್ ಆ ಬಳಕೆದಾರನಿಗೆ, ಆಡಳಿತಗಾರರಿಗೆ ಮತ್ತು ಸಿಸ್ಟಂ ಖಾತೆಗೆ ಮಾತ್ರ ತೆರೆದಿರುತ್ತದೆ. ಸರ್ವಿಸ್ ಓಡುವುದು ಬೇರೆ ಖಾತೆಯಲ್ಲಿ. ಆದ್ದರಿಂದ ಟಾಮ್‌ಕ್ಯಾಟ್ ಸಿ:\ಟಾಮ್‌ಕ್ಯಾಟ್9 ಎಂಬ, ನಡುವೆ ಖಾಲಿ ಜಾಗವಿಲ್ಲದ ಹಾದಿಗೆ ಬರಬೇಕು. ಇಲ್ಲಿ ಕಟ್ ಮಾಡಿ ಪೇಸ್ಟ್ ಮಾಡಬೇಡಿ. ಒಂದೇ ಡ್ರೈವ್‌ನೊಳಗೆ ಸರಿಸಿದ ಫೋಲ್ಡರ್ ಹಳೆಯ ಜಾಗದ ಅನುಮತಿಗಳನ್ನೇ ಹೊತ್ತುಕೊಂಡು ಬರುತ್ತದೆ. ಕಾಪಿ ಮಾಡಿದರೆ ಮಾತ್ರ ಹೊಸ ಜಾಗದ ಅನುಮತಿ ಸಿಗುತ್ತದೆ. ಸರಿಸಿಯೇ ಬಿಟ್ಟಿದ್ದರೆ ಅನುಮತಿಗಳನ್ನು ಬದಲಿಸುವ ಐಕ್ಯಾಕಲ್ಸ್ ಆಜ್ಞೆಗೆ /ರೀಸೆಟ್ /ಟಿ ಕೊಟ್ಟು ಸರಿಪಡಿಸಬಹುದು.

ಮೂರನೆಯದು ಜಾವಾ. ಟಾಮ್‌ಕ್ಯಾಟ್9.ಎಕ್ಸಿ 64 ಬಿಟ್ ಆದರೆ ಜಾವಾ ಕೂಡ 64 ಬಿಟ್ ಇರಬೇಕು. ಹಳೆಯ ಯಂತ್ರಗಳಲ್ಲಿ ಯಾವುದೋ ಸರ್ಕಾರಿ ಜಾಲತಾಣಕ್ಕೆಂದು ಹಾಕಿದ 32 ಬಿಟ್ ಜಾವಾ ಇರುವುದುಂಟು. ಸರ್ವಿಸ್ ಅದನ್ನು ಹಿಡಿದರೆ ‘ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ’ ಎಂಬ ಸಾಲು ಕಾಮನ್ಸ್ ಡೀಮನ್ ಲಾಗಿನಲ್ಲಿ ಬೀಳುತ್ತದೆ. ಅದಕ್ಕಿಂತ ಕುಟಿಲವಾದ ತೊಂದರೆ ತಾನಾಗಿ ಅಪ್‌ಡೇಟ್ ಆಗುವ ಜಾವಾ 8ರದು. ಅದರ ಫೋಲ್ಡರಿನ ಹೆಸರಲ್ಲೇ ಅಪ್‌ಡೇಟ್ ಸಂಖ್ಯೆ ಇರುತ್ತದೆ. ಹೊಸದು ಬಂದಾಗ ಹಳೆಯ ಫೋಲ್ಡರ್ ಹೋಗುತ್ತದೆ, ಸರ್ವಿಸ್ ಮಾತ್ರ ಹಳೆಯ ಹಾದಿಯನ್ನೇ ಹುಡುಕುತ್ತದೆ. ಓಡುತ್ತಿದ್ದ ಟಾಮ್‌ಕ್ಯಾಟ್ ಯಾರೂ ಮುಟ್ಟದೆ ಒಂದು ಬೆಳಿಗ್ಗೆ ಏಳುವುದೇ ಇಲ್ಲ. ಹಾಗಾಗಿ ಇನ್‌ಸ್ಟಾಲರ್ ಬದಲು ಜೆಡಿಕೆಯ (ಜಾವಾದ ಪೂರ್ಣ ಕಟ್ಟು) ಜಿಪ್ ತಂದು ಸಿ:\ಜಾವಾ\ಜೆಡಿಕೆ8 ಎಂಬ ಬದಲಾಗದ ಹೆಸರಿನಲ್ಲಿ ಬಿಚ್ಚಿ, ಸರ್ವಿಸ್ ಅದನ್ನೇ ನೋಡುವಂತೆ ಮಾಡಲಾಯಿತು. ಇದರ ಬೆಲೆ ಏನೆಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬರುವ ಭದ್ರತಾ ಅಪ್‌ಡೇಟನ್ನು ಕೈಯಾರೆ ಹಾಕಬೇಕು.

ಇನ್‌ಸ್ಟಾಲ್

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ಜಾವಾ_ಹೋಮ್ ಚರಕ್ಕೆ ಜೆಡಿಕೆಯ ಹಾದಿ ಕೊಟ್ಟು, ಬಿನ್ ಫೋಲ್ಡರಿಗೆ ಹೋಗಿ:

ಸರ್ವಿಸ್.ಬ್ಯಾಟ್ ಇನ್‌ಸ್ಟಾಲ್ ಟಾಮ್‌ಕ್ಯಾಟ್9

ಇಷ್ಟಕ್ಕೆ ಸರ್ವಿಸ್ ನೋಂದಣಿಯಾಗುತ್ತದೆ. ಆದರೆ ಸರ್ವಿಸ್.ಬ್ಯಾಟ್ ತಾನಾಗಿ ಇಡುವ ಕೆಲವು ಬೆಲೆಗಳು ಹೊಸಬರನ್ನು ಬೀಳಿಸುತ್ತವೆ. ಆರಂಭದ ಬಗೆ ‘ಮ್ಯಾನುಯಲ್’. ಅಂದರೆ ರೀಸ್ಟಾರ್ಟ್ ಆದರೆ ತಾನಾಗಿ ಏಳುವುದಿಲ್ಲ. ಹೀಪ್ ಮೆಮೊರಿಯ (ಜಾವಾ ತನ್ನ ಕೆಲಸಕ್ಕೆ ಬಳಸುವ ಮೆಮೊರಿ) ಗರಿಷ್ಠ ಮಿತಿ 256 ಎಂಬಿ. ಖಾತೆ ‘ಲೋಕಲ್ ಸರ್ವಿಸ್’. 2019ರ ಕಾಮನ್ಸ್ ಡೀಮನ್ 1.2.0ಕ್ಕಿಂತ ಮುಂಚೆ ಅದು ‘ಲೋಕಲ್ ಸಿಸ್ಟಂ’ ಆಗಿತ್ತು, ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ. ಹಳೆಯ ಸೂಚನಾ ಪತ್ರಗಳನ್ನು ನೋಡಿ ಕೆಲಸ ಮಾಡುವವರು ‘ಬರೆದ ಹಾಗೇ ಮಾಡಿದೆವು, ಅನುಮತಿ ಇಲ್ಲ ಎನ್ನುತ್ತದೆ’ ಎಂದು ಗೊಣಗುವುದು ಈ ಬದಲಾವಣೆಯಿಂದ. ಸಿಟ್ಟಿನಲ್ಲಿ ಖಾತೆಯನ್ನು ಲೋಕಲ್ ಸಿಸ್ಟಂಗೆ ತಿರುಗಿಸಿದರೆ ಎಲ್ಲವೂ ಓಡುತ್ತದೆ ನಿಜ. ಆದರೆ ಅಪ್ಲಿಕೇಶನ್‌ನಲ್ಲಿ ಒಂದು ತೂತು ಸಿಕ್ಕವನಿಗೆ ಇಡೀ ಕಂಪ್ಯೂಟರನ್ನೇ ಒಪ್ಪಿಸಿದಂತಾಗುತ್ತದೆ. ಸಾಲದ ದಾಖಲೆ ಇರುವ ಯಂತ್ರದಲ್ಲಿ ಅದು ಬೇಡ.

ಲೋಕಲ್ ಸರ್ವಿಸ್ ಖಾತೆಗೆ ಲಾಗ್ಸ್, ಟೆಂಪ್, ವರ್ಕ್, ವೆಬ್‌ಆ್ಯಪ್ಸ್ ಫೋಲ್ಡರುಗಳಲ್ಲಿ ಬರೆಯುವ ಹಕ್ಕು, ಕಾನ್ಫ್ ಫೋಲ್ಡರಿನೊಳಗಿನ ಕ್ಯಾಟಲೀನಾ ಫೋಲ್ಡರಿನಲ್ಲೂ ಅಷ್ಟೇ ಹಕ್ಕು, ಉಳಿದೆಡೆ ಓದುವ ಹಕ್ಕು ಸಾಕು. ಐಕ್ಯಾಕಲ್ಸ್‌ನಲ್ಲಿ /ಗ್ರಾಂಟ್ ಕೊಡುವಾಗ (ಒಐ)(ಸಿಐ)ಎಂ ಎಂದು ಬರೆದರೆ ಒಳಗಿನ ಫೈಲು, ಫೋಲ್ಡರುಗಳಿಗೂ ಬದಲಾಯಿಸುವ ಹಕ್ಕು ಇಳಿಯುತ್ತದೆ.

ಟಾಮ್‌ಕ್ಯಾಟ್‌ನ ಸೆಟ್ಟಿಂಗ್ ಫೈಲಾದ ಸರ್ವರ್.ಎಕ್ಸ್‌ಎಂಎಲ್‌ನ ಮೊದಲ ಸಾಲುಗಳಲ್ಲಿರುವ 8005 ಶಟ್‌ಡೌನ್ ಪೋರ್ಟನ್ನು -1 ಮಾಡಲಾಯಿತು. ಸರ್ವಿಸ್ ನಿಲ್ಲಿಸುವಾಗ ಪ್ರಾಕ್‌ರನ್ ಅದೇ ಜೆವಿಎಂ ಒಳಗೆ ನಿಲ್ಲಿಸುವ ಕರೆ ಕೊಡುತ್ತದೆ, ಪೋರ್ಟಿನ ಅಗತ್ಯವಿಲ್ಲ. ಕೊನೆಯದಾಗಿ ಡೆಸ್ಕ್‌ಟಾಪ್ ಮೇಲಿನ ಹಳೆಯ ಶಾರ್ಟ್‌ಕಟ್ ಅಳಿಸಬೇಕು. ಇಲ್ಲದಿದ್ದರೆ ರೂಢಿಯಂತೆ ಯಾರಾದರೂ ಒತ್ತುತ್ತಾರೆ, 8080 ಆಗಲೇ ಬಳಕೆಯಲ್ಲಿದೆ ಎಂಬ ದೋಷದೊಂದಿಗೆ ಎರಡನೆಯ ಟಾಮ್‌ಕ್ಯಾಟ್ ಏಳಲು ಹೋಗಿ ಲಾಗುಗಳೆಲ್ಲ ಕಲಸಿಹೋಗುತ್ತವೆ.

ಎದ್ದಿತು, ಆಮೇಲೆ ಒಂದೊಂದಾಗಿ ಕೆಟ್ಟಿತು

ಸರ್ವಿಸ್ ಆರಂಭವಾಯಿತು, ಅದೇ ಯಂತ್ರದ ಬ್ರೌಸರ್‌ನಲ್ಲಿ ಲಾಗಿನ್ ಪುಟವೂ ಬಂತು. ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚು. ವಾಸ್ತವವಾಗಿ ಅದೇ ಟಾಮ್‌ಕ್ಯಾಟ್ ಈಗ ಬೇರೊಬ್ಬ ಬಳಕೆದಾರನ ಹೆಸರಲ್ಲಿ ಓಡುತ್ತಿದೆ. ಕಾರ್ಯದರ್ಶಿಯ ಲಾಗಿನ್‌ಗೆ ಅಂಟಿಕೊಂಡಿದ್ದ ಜೋಡಿಸಿದ ಡ್ರೈವ್, ಪ್ರಿಂಟರ್, ಸೆಟ್ಟಿಂಗ್ ಯಾವುದೂ ಆ ಬಳಕೆದಾರನಿಗಿಲ್ಲ. ಮುಂದಿನ ಐದು ದೋಷಗಳಲ್ಲಿ ಕೆಲವು ಇದೇ ಬೇರಿನವು, ಉಳಿದವು ಪ್ರಾಕ್‌ರನ್ ಜಾವಾ.ಎಕ್ಸಿಯನ್ನೂ ಬ್ಯಾಚ್ ಫೈಲುಗಳನ್ನೂ ಬಿಟ್ಟು ಓಡುವುದರಿಂದ ಬಂದವು.

ಮೊದಲನೆಯದು ಫೈರ್‌ವಾಲ್. ಸರ್ವರ್ ಯಂತ್ರದಲ್ಲಿ ಪುಟ ಬರುತ್ತದೆ, ಉಳಿದ ಐದರಲ್ಲಿ ಬರುವುದಿಲ್ಲ. ಹಿಂದೆ ಕಪ್ಪು ವಿಂಡೋ ಮೊದಲ ಸಲ ತೆರೆದಾಗ ವಿಂಡೋಸ್ ‘ಜಾವಾಗೆ ಅನುಮತಿ ಕೊಡಲೇ’ ಎಂದು ಕೇಳಿತ್ತು, ಯಾರೋ ಹೌದು ಎಂದಿದ್ದರು. ಆ ಅನುಮತಿ ಜಾವಾ.ಎಕ್ಸಿಯ ಹೆಸರಿನಲ್ಲಿದೆ. ಈಗ ಪೋರ್ಟು ತೆರೆದಿರುವುದು ಟಾಮ್‌ಕ್ಯಾಟ್9.ಎಕ್ಸಿ. ಮತ್ತೆ ಕೇಳಲು ಪರದೆಯೂ ಇಲ್ಲ: ವಿಸ್ತಾ ಕಾಲದಿಂದ ಎಲ್ಲ ಸರ್ವಿಸ್‌ಗಳೂ ಬಳಕೆದಾರರ ಕಣ್ಣಿಗೆ ಬೀಳದ ಸೆಷನ್ 0ಯಲ್ಲಿ ಓಡುತ್ತವೆ. ಪೋರ್ಟಿಗೇ ನಿಯಮ ಬರೆದರೆ ಸರಿ:

ನೆಟ್‌ಶ್ ಆ್ಯಡ್‌ವ್‌ಫೈರ್‌ವಾಲ್ ಫೈರ್‌ವಾಲ್ ಆ್ಯಡ್ ರೂಲ್ ನೇಮ್="ಟಾಮ್‌ಕ್ಯಾಟ್ 8080" ಡಿಐಆರ್=ಇನ್ ಆ್ಯಕ್ಷನ್=ಅಲೋ ಪ್ರೋಟೋಕಾಲ್=ಟಿಸಿಪಿ ಲೋಕಲ್‌ಪೋರ್ಟ್=8080 ಪ್ರೊಫೈಲ್=ಪ್ರೈವೇಟ್

ಕೊನೆಯ ಪದದ ಮೇಲೆ ಕಣ್ಣಿರಲಿ. ರೂಟರ್ ಬದಲಿಸಿದ ದಿನ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ‘ಪಬ್ಲಿಕ್’ ಪಟ್ಟಿಗೆ ಹಾಕಬಹುದು, ಆಗ ಈ ನಿಯಮ ಅನ್ವಯಿಸುವುದಿಲ್ಲ. ನೆಟ್‌ವರ್ಕಿನ ಪ್ರೊಫೈಲನ್ನು ಮತ್ತೆ ಪ್ರೈವೇಟ್ ಮಾಡುವುದು ಪರಿಹಾರ. ನಿಯಮವನ್ನು ಪಬ್ಲಿಕ್‌ಗೂ ತೆರೆಯುವುದಲ್ಲ.

ಎರಡನೆಯದು ಕನ್ನಡ ಪಠ್ಯ. ಪರದೆಯ ಮೇಲೆ ಸದಸ್ಯರ ಹೆಸರುಗಳು ಸರಿಯಾಗಿವೆ. ಜಿಲ್ಲಾ ಬ್ಯಾಂಕಿಗೆ ಕಳಿಸಲೆಂದು ಅಪ್ಲಿಕೇಶನ್ ಬರೆದುಕೊಡುವ ಸಿಎಸ್‌ವಿ ಫೈಲಿನಲ್ಲಿ ಮಾತ್ರ ಪ್ರತಿ ಹೆಸರಿನ ಜಾಗದಲ್ಲೂ ಪ್ರಶ್ನೆ ಚಿಹ್ನೆಗಳ ಸಾಲು. ಕಪ್ಪು ವಿಂಡೋ ಇದ್ದಾಗ ಹೀಗಾಗುತ್ತಿರಲಿಲ್ಲ.

ಜಾವಾ 8ರಲ್ಲಿ ಅಕ್ಷರ ಸಂಕೇತವನ್ನು ಹೇಳದೆ ಫೈಲ್ ಬರೆದರೆ ಜೆವಿಎಂ ತನ್ನ ಫೈಲ್.ಎನ್‌ಕೋಡಿಂಗ್ ಬೆಲೆಯನ್ನು ಬಳಸುತ್ತದೆ, ವಿಂಡೋಸ್‌ನಲ್ಲಿ ಅದು ಭಾಷೆ, ಪ್ರದೇಶದ ಸೆಟ್ಟಿಂಗ್‌ನಿಂದ ಬರುತ್ತದೆ. ಇಂಗ್ಲಿಷ್ ಯಂತ್ರಗಳಲ್ಲಿ ಅದು 1252 ಕೋಡ್‌ಪೇಜ್ (ಕೆಲವೇ ಭಾಷೆಗಳ ಅಕ್ಷರಗಳಿರುವ ಹಳೆಯ ಸಂಕೇತ ಪಟ್ಟಿ). ಕನ್ನಡಕ್ಕೆ ವಿಂಡೋಸ್ ಎಂದೂ ಹಳೆಯ ಕೋಡ್‌ಪೇಜ್ ಕೊಟ್ಟೇ ಇಲ್ಲ, ಅದು ಬಂದದ್ದೇ ಯೂನಿಕೋಡ್ ಭಾಷೆಯಾಗಿ.  1252ರಲ್ಲಿ ಇಲ್ಲದ ಪ್ರತಿ ಅಕ್ಷರವನ್ನೂ ಜಾವಾ ಪ್ರಶ್ನೆ ಚಿಹ್ನೆಯಾಗಿ ಬರೆದುಬಿಡುತ್ತದೆ.

ಹಿಂದೆ ಇದು ಸರಿಯಿದ್ದುದಕ್ಕೆ ಕಾರಣ ಬಿನ್ ಫೋಲ್ಡರಿನ ಸೆಟ್‌ಎನ್ವ್.ಬ್ಯಾಟ್. ಅಪ್ಲಿಕೇಶನ್ ಹಾಕಿಕೊಟ್ಟವರು ಅದರಲ್ಲಿ -ಡಿಫೈಲ್.ಎನ್‌ಕೋಡಿಂಗ್=ಯುಟಿಎಫ್-8 ಎಂಬ, ಯೂನಿಕೋಡ್ ಸಂಕೇತದಲ್ಲಿ ಬರೆ ಎನ್ನುವ ಸಾಲು ಬರೆದಿದ್ದರು. ಸ್ಟಾರ್ಟಪ್.ಬ್ಯಾಟ್ ಕರೆಯುವ ಕ್ಯಾಟಲೀನಾ.ಬ್ಯಾಟ್ ಆ ಫೈಲನ್ನು ಓದುತ್ತದೆ. ಸರ್ವಿಸ್ ಆರಂಭವಾಗುವಾಗ ಯಾವ ಬ್ಯಾಚ್ ಫೈಲೂ ಓಡುವುದಿಲ್ಲ. ಪ್ರಾಕ್‌ರನ್ ತನಗೆ ಬೇಕಾದುದನ್ನೆಲ್ಲ ವಿಂಡೋಸ್‌ನ ಸೆಟ್ಟಿಂಗ್ ಭಂಡಾರವಾದ ರಿಜಿಸ್ಟ್ರಿಯಿಂದ ತೆಗೆದುಕೊಳ್ಳುತ್ತದೆ. ಆದ್ದರಿಂದ ಸೆಟ್‌ಎನ್ವ್‌ನಲ್ಲಿರುವ ಪ್ರತಿ ಸಾಲನ್ನೂ ಸರ್ವಿಸ್‌ಗೆ ದಾಟಿಸಬೇಕು. ಸರ್ವಿಸಿನ ಸೆಟ್ಟಿಂಗ್ ತೋರಿಸುವ ಟಾಮ್‌ಕ್ಯಾಟ್9ಡಬ್ಲ್ಯು.ಎಕ್ಸಿ ತೆರೆದು ಜಾವಾ ಪುಟದ ಜಾವಾ ಆಪ್ಷನ್ಸ್ ಚೌಕದಲ್ಲಿ ಸಾಲಿಗೊಂದರಂತೆ ಬರೆಯಬಹುದು. ಅಥವಾ:

ಟಾಮ್‌ಕ್ಯಾಟ್9 //ಯುಎಸ್//ಟಾಮ್‌ಕ್ಯಾಟ್9 ++ಜೆವಿಎಂಆಪ್ಷನ್ಸ್=-ಡಿಫೈಲ್.ಎನ್‌ಕೋಡಿಂಗ್=ಯುಟಿಎಫ್-8

ಎರಡು ಕೂಡುಚಿಹ್ನೆಗಳ ಬದಲು ಎರಡು ಅಡ್ಡಗೆರೆ ಬರೆದರೆ ಆಜ್ಞೆ ತಪ್ಪೆನ್ನುವುದಿಲ್ಲ, ಆದರೆ ಇದ್ದ ಆಪ್ಷನ್‌ಗಳನ್ನೆಲ್ಲ ಅಳಿಸಿ ಇದೊಂದನ್ನೇ ಇಡುತ್ತದೆ. ಟಾಮ್‌ಕ್ಯಾಟ್ ತನ್ನ ಮನೆ ಎಲ್ಲಿದೆ ಎಂದು ತಿಳಿಯುವುದೂ ಅದೇ ಪಟ್ಟಿಯಿಂದ, ಹಾಗಾಗಿ ಮುಂದಿನ ಆರಂಭ ಕೆಡಬಹುದು.

ಕೆಟ್ಟ ಕನ್ನಡ ಫೈಲನ್ನು ನೋಡಿದ ಕೂಡಲೇ ಎರಡು ಬಗೆಯ ಕೆಡುಕನ್ನು ಬೇರ್ಪಡಿಸಬೇಕು. ಪ್ರಶ್ನೆ ಚಿಹ್ನೆ ಕಂಡರೆ ಅಕ್ಷರ ಬರೆಯುವಾಗಲೇ ನಾಶವಾಗಿದೆ, ಆ ಫೈಲಿನಿಂದ ಮರಳಿ ಪಡೆಯಲು ಬಾರದು, ಡೇಟಾಬೇಸ್‌ನಿಂದ ಮತ್ತೆ ತೆಗೆಯಬೇಕು. ತಲೆಯ ಮೇಲೆ ಗೆರೆಯಿರುವ ಲ್ಯಾಟಿನ್ ‘ಎ’ ಪದೇಪದೇ ಬಂದು ಗೋಜಲು ಕಂಡರೆ ಬರೆದದ್ದು ಸರಿಯಾಗಿದೆ, ಓದುವವನು ತಪ್ಪಾಗಿ ಓದುತ್ತಿದ್ದಾನೆ: ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್, ಮೊದಲನೆಯದು ಯಾವಾಗಲೂ ಒಂದೇ. ಎಕ್ಸೆಲ್‌ನಲ್ಲಿ ನೇರವಾಗಿ ಎರಡು ಸಲ ಒತ್ತಿ ತೆರೆದಾಗ ಆಗುವುದು ಹೀಗೆ. ಡೇಟಾ ಇಂಪೋರ್ಟ್ ಮೂಲಕ ತೆರೆದು ಯುಟಿಎಫ್-8 ಆರಿಸಿದರೆ ಹೆಸರುಗಳು ಸರಿಯಾಗಿ ಕಾಣುತ್ತವೆ. ಮೇಲಿನ ಆಪ್ಷನ್ ತೇಪೆ ಮಾತ್ರ. ಫೈಲ್ ಬರೆಯುವ ಜಾಗದಲ್ಲೇ ಯುಟಿಎಫ್-8 ಎಂದು ಕೋಡಿನಲ್ಲಿ ಬರೆಯುವುದು ನಿಜವಾದ ದುರಸ್ತಿ. 2022ರ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ. ಜಾವಾ 8ರಲ್ಲಿರುವವರಿಗೆ ಆ ಭಾಗ್ಯವಿಲ್ಲ.

ಮೂರನೆಯದು ಜೆಡ್ ಡ್ರೈವ್. ಸದಸ್ಯರ ಸಹಿ, ಭಾವಚಿತ್ರಗಳ ಸ್ಕ್ಯಾನ್ ಮತ್ತು ರಾತ್ರಿಯ ಬ್ಯಾಕಪ್ ಇರುವುದು ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಯೊಂದರಲ್ಲಿ. ಕಾರ್ಯದರ್ಶಿಯ ಲಾಗಿನ್‌ನಲ್ಲಿ ಅದು ಜೆಡ್ ಡ್ರೈವ್ ಆಗಿ ಕಾಣುತ್ತಿತ್ತು. ಡ್ರೈವ್ ಅಕ್ಷರದ ಜೋಡಣೆ ಆಯಾ ಲಾಗಿನ್‌ಗೆ ಸೇರಿದ್ದು, ಯಂತ್ರಕ್ಕಲ್ಲ. ಸೆಷನ್ 0ಯಲ್ಲಿರುವ ಲೋಕಲ್ ಸರ್ವಿಸ್‌ಗೆ ಜೆಡ್ ಇಲ್ಲವೇ ಇಲ್ಲ. ಎರಡು ಹಿಂಗೆರೆಯಿಂದ ಶುರುವಾಗುವ ಪೂರ್ಣ ನೆಟ್‌ವರ್ಕ್ ಹಾದಿ ಕೊಟ್ಟರೂ ಸಾಲದು, ಏಕೆಂದರೆ ಲೋಕಲ್ ಸರ್ವಿಸ್ ನೆಟ್‌ವರ್ಕಿಗೆ ಹೋಗುವುದು ಹೆಸರಿಲ್ಲದ ಅನಾಮಧೇಯನಾಗಿ. ಪೆಟ್ಟಿಗೆ ಬಾಗಿಲು ಹಾಕುತ್ತದೆ.

ಪ್ರತ್ಯೇಕ ಬಳಕೆದಾರ ಖಾತೆ ತೆರೆದು, ಅದೇ ಹೆಸರು, ಪಾಸ್‌ವರ್ಡನ್ನು ಪೆಟ್ಟಿಗೆಯಲ್ಲೂ ಇಟ್ಟು, ಸರ್ವಿಸನ್ನು ಆ ಖಾತೆಯಲ್ಲಿ ಓಡಿಸುವುದು ಒಂದು ಹಾದಿ. ಇದಕ್ಕೆ ‘ಲಾಗ್ ಆನ್ ಆ್ಯಸ್ ಎ ಸರ್ವಿಸ್’ ಹಕ್ಕು ಬೇಕು. ಸರ್ವಿಸಸ್ ಕಿಟಕಿಯ ಲಾಗ್ ಆನ್ ಪುಟದಲ್ಲಿ ಖಾತೆ ಬದಲಿಸಿದರೆ ವಿಂಡೋಸ್ ಆ ಹಕ್ಕನ್ನು ತಾನೇ ಕೊಡುತ್ತದೆ. ಎಸ್‌ಸಿ ಕಾನ್ಫಿಗ್‌ನಿಂದ ಬದಲಿಸಿದರೆ ಕೊಡುವುದಿಲ್ಲ, ದೋಷ 1069. ಪಾಸ್‌ವರ್ಡ್ ಅವಧಿ ಮುಗಿಯದಂತೆಯೂ ಗುರುತು ಹಾಕಬೇಕು. ವಿಂಡೋಸ್‌ನ ಮೂಲ ನೀತಿಯಲ್ಲಿ ಪಾಸ್‌ವರ್ಡಿನ ಆಯುಷ್ಯ 42 ದಿನ. ಅದನ್ನು ಮರೆತರೆ ಸರ್ವಿಸ್ ಕೆಡುವುದು 43ನೇ ದಿನವೂ ಅಲ್ಲ, ಆಮೇಲೆ ಎಂದೋ ಆಗುವ ರೀಸ್ಟಾರ್ಟ್‌ನಲ್ಲಿ.

ಇಲ್ಲಿ ಆರಿಸಿದ್ದು ಬೇರೆ ಹಾದಿ, ನಮ್ಮ ಮಟ್ಟಿಗೆ ಹೆಚ್ಚು ನಂಬಿಕಸ್ಥ ಹಾದಿ: ಟಾಮ್‌ಕ್ಯಾಟ್ ನೆಟ್‌ವರ್ಕ್ ಡ್ರೈವ್ ಮುಟ್ಟುವುದೇ ಬೇಡ. ಸ್ಕ್ಯಾನ್‌ಗಳನ್ನು ಅದೇ ಯಂತ್ರದ ಡಿ ಡ್ರೈವಿಗೆ ತಂದು, ಬ್ಯಾಕಪ್ಪನ್ನೂ ಅಲ್ಲೇ ಬರೆಸಿ, ರಾತ್ರಿ ಒಂದು ಟಾಸ್ಕ್ ವಿಂಡೋಸ್‌ನ ನಕಲು ಆಜ್ಞೆಯಾದ ರೋಬೋಕಾಪಿಯಿಂದ ಪೆಟ್ಟಿಗೆಗೆ ನಕಲಿಸುತ್ತದೆ. ಟಾಸ್ಕ್ ಓಡುವುದು ಪಾಸ್‌ವರ್ಡ್ ಉಳಿಸಿದ ಬಳಕೆದಾರ ಖಾತೆಯಲ್ಲಿ, ಹಾದಿ ಜೆಡ್ ಅಲ್ಲ, ಪೂರ್ಣ ನೆಟ್‌ವರ್ಕ್ ಹಾದಿ. ನೆಟ್‌ವರ್ಕ್ ಪೆಟ್ಟಿಗೆ ಕೆಟ್ಟರೆ ಬ್ಯಾಕಪ್ ತಡವಾಗುತ್ತದೆ, ಕೌಂಟರ್ ನಿಲ್ಲುವುದಿಲ್ಲ. ಟಾಸ್ಕ್‌ನ ಫಲಿತಾಂಶ 0ಎಕ್ಸ್1 ಎಂದು ಕಂಡರೆ ಗಾಬರಿ ಬೇಡ. ರೋಬೋಕಾಪಿಯಲ್ಲಿ 1 ಅಂದರೆ ಫೈಲುಗಳು ನಕಲಾದವು. 8 ಮತ್ತು ಮೇಲಿನವು ಮಾತ್ರ ವಿಫಲತೆ.

ಪ್ರಿಂಟರ್ ವಿಷಯ ಚಿಕ್ಕದು. ಕೆಲವು ರಸೀದಿಗಳನ್ನು ಅಪ್ಲಿಕೇಶನ್ ಸರ್ವರ್ ಕಡೆಯಿಂದಲೇ ಡೀಫಾಲ್ಟ್ ಪ್ರಿಂಟರಿಗೆ ಕಳಿಸುತ್ತಿತ್ತು. ಡೀಫಾಲ್ಟ್ ಪ್ರಿಂಟರ್ ಎಂಬುದು ಬಳಕೆದಾರನಿಗೆ ಸೇರಿದ ಸೆಟ್ಟಿಂಗ್. ಕೌಂಟರಿನ ಕಂಪ್ಯೂಟರ್‌ನಿಂದ ಹಂಚಿಕೊಂಡ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೂಡ ಕಾರ್ಯದರ್ಶಿಯ ಲಾಗಿನ್‌ಗೆ ಮಾತ್ರ ಜೋಡಣೆಯಾಗಿತ್ತು. ಲೋಕಲ್ ಸರ್ವಿಸ್‌ಗೆ ಅದು ಕಾಣುವುದಿಲ್ಲ. ಅಪ್ಲಿಕೇಶನ್ ಪಿಡಿಎಫ್ ಕೊಡುವಂತೆ ಮಾಡಿ ಕೌಂಟರಿನ ಬ್ರೌಸರ್‌ನಿಂದಲೇ ಮುದ್ರಿಸಿದ್ದು ಸರಿಯಾದ ಪರಿಹಾರ. ಪ್ರಿಂಟರ್ ಇರುವುದೂ ಅಲ್ಲೇ ತಾನೆ.

ಐದನೆಯದು ತಿಂಗಳ ಕೊನೆಗೆ ಬಂತು. ಸಾಲ ಬಾಕಿ ವರದಿ ತೆಗೆಯುವಾಗ ಎಲ್ಲವೂ ಸ್ತಬ್ಧ. ಸರ್ವಿಸಸ್ ಕಿಟಕಿಯಲ್ಲಿ ಟಾಮ್‌ಕ್ಯಾಟ್ ‘ರನ್ನಿಂಗ್’ ಎಂದೇ ಇದೆ. ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ, ಜಾವಾ ಹೀಪ್ ಸ್ಪೇಸ್’. ಸೆಟ್‌ಎನ್ವ್‌ನಲ್ಲಿದ್ದ ಮೆಮೊರಿ ಮಿತಿಯೂ ಓದಲಾಗದೆ, ಸರ್ವಿಸ್.ಬ್ಯಾಟ್‌ನ 256 ಎಂಬಿಯೇ ಜಾರಿಯಲ್ಲಿತ್ತು. 8 ಜಿಬಿಯ ಯಂತ್ರದಲ್ಲಿ ಮೈಎಸ್‌ಕ್ಯುಎಲ್ ಮತ್ತು ಕಾರ್ಯದರ್ಶಿಯ ದಿನದ ಕೆಲಸ ಎರಡೂ ನಡೆಯಬೇಕು. 1024 ಎಂಬಿ ಇಡಲಾಯಿತು. ಟಾಮ್‌ಕ್ಯಾಟ್9ಡಬ್ಲ್ಯುನಲ್ಲಿ ಇದಕ್ಕೆ ಪ್ರತ್ಯೇಕ ಚೌಕವಿದೆ. ಅಲ್ಲಿ ಬರೀ ಸಂಖ್ಯೆ ಬರೆಯಬೇಕು, ಅದು ಎಂಬಿ ಲೆಕ್ಕ.

ಬಿದ್ದರೆ ಏಳುವಂತೆ, ಸರಿಯಾದ ಸರದಿಯಲ್ಲಿ ಏಳುವಂತೆ

ಈ ಕೊನೆಯ ದೋಷ ಇನ್ನೊಂದು ಮಾತು ಹೇಳುತ್ತದೆ. ಸರ್ವಿಸಿನ ರಿಕವರಿ ಪುಟದಲ್ಲಿ ‘ವಿಫಲವಾದರೆ ಮತ್ತೆ ಆರಂಭಿಸು’ ಎಂದು ಇಟ್ಟಿದ್ದರೂ ಮೆಮೊರಿ ಮುಗಿದಾಗ ಅದು ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಪ್ರಕ್ರಿಯೆ ಸತ್ತಿಲ್ಲ. ಜಾವಾ 8ರ 92ನೇ ಅಪ್‌ಡೇಟ್‌ನಿಂದ -ಎಕ್ಸ್‌ಎಕ್ಸ್:+ಎಕ್ಸಿಟ್‌ಆನ್‌ಔಟ್‌ಆಫ್‌ಮೆಮೊರಿಎರರ್ ಎಂಬ ಆಪ್ಷನ್ ಇದೆ. ಅದನ್ನು ಸೇರಿಸಿದರೆ ಮೊದಲ ಮೆಮೊರಿ ದೋಷಕ್ಕೇ ಜೆವಿಎಂ ಹೊರಬೀಳುತ್ತದೆ, ಆಗ ಕಂಟ್ರೋಲ್ ಮ್ಯಾನೇಜರ್‌ಗೆ ಸಾವು ತಿಳಿಯುತ್ತದೆ. ರಿಕವರಿಯನ್ನು ಹೀಗೆ ಇಟ್ಟರೆ ಸಾಕು:

ಎಸ್‌ಸಿ ಫೇಲ್ಯೂರ್ ಟಾಮ್‌ಕ್ಯಾಟ್9 ರೀಸೆಟ್= 86400 ಆ್ಯಕ್ಷನ್ಸ್= ರೀಸ್ಟಾರ್ಟ್/60000/ರೀಸ್ಟಾರ್ಟ್/60000/ರೀಸ್ಟಾರ್ಟ್/300000

ಮೊದಲ ಎರಡು ಸಲ ಒಂದು ನಿಮಿಷ, ಆಮೇಲೆ ಐದು ನಿಮಿಷ ಬಿಟ್ಟು ಆರಂಭ. ಒಂದು ದಿನ ಬೀಳದಿದ್ದರೆ ಎಣಿಕೆ ಸೊನ್ನೆಗೆ. ಸಮಚಿಹ್ನೆಯ ನಂತರದ ಖಾಲಿ ಜಾಗ ಕಡ್ಡಾಯ, ಅದಿಲ್ಲದಿದ್ದರೆ ಆಜ್ಞೆ ಒಪ್ಪುವುದಿಲ್ಲ. ದೋಷಸಂಖ್ಯೆ ಕೊಟ್ಟು ಕ್ರಮವಾಗಿಯೇ ನಿಂತ ಸರ್ವಿಸ್‌ಗೂ ಇದು ಅನ್ವಯಿಸಬೇಕಾದರೆ ಎಸ್‌ಸಿ ಫೇಲ್ಯೂರ್‌ಫ್ಲ್ಯಾಗ್ ಟಾಮ್‌ಕ್ಯಾಟ್9 1 ಎಂದೂ ಕೊಡಬೇಕು. ಸರ್ವಿಸ್ ಎಷ್ಟು ಸಲ ಬಿದ್ದಿತೆಂದು ಈವೆಂಟ್ ವ್ಯೂಯರ್‌ನ ಸಿಸ್ಟಂ ಲಾಗಿನಲ್ಲಿ 7031 ಸಂಖ್ಯೆಯಿಂದ ಹುಡುಕಬಹುದು. ಹುಡುಕಲೇಬೇಕು, ತಾನಾಗಿ ಏಳುವ ಸರ್ವಿಸ್ ದಿನಾ ಬೀಳುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ.

ಸರದಿಯ ಪ್ರಶ್ನೆ ಮೈಎಸ್‌ಕ್ಯುಎಲ್‌ನದು. ಟಾಮ್‌ಕ್ಯಾಟ್ ಮೊದಲು ಎದ್ದರೆ ಡೇಟಾಬೇಸ್ ಸಿಗದೆ ಅಪ್ಲಿಕೇಶನ್ ಆರಂಭವೇ ಆಗದು, ಟಾಮ್‌ಕ್ಯಾಟ್ ಮಾತ್ರ 404 (ಪುಟ ಸಿಗಲಿಲ್ಲ) ತೋರಿಸುತ್ತ ಓಡುತ್ತಿರುತ್ತದೆ. ಎಸ್‌ಸಿ ಕಾನ್ಫಿಗ್ ಟಾಮ್‌ಕ್ಯಾಟ್9 ಡಿಪೆಂಡ್= ಮೈಎಸ್‌ಕ್ಯುಎಲ್80 ಎಂದರೆ ಕ್ರಮ ಸರಿಯಾಗುತ್ತದೆ. ಆದರೆ ಕರೆಂಟ್ ಹೋಗಿ ಯಂತ್ರ ಧಡಕ್ಕನೆ ನಿಂತಿದ್ದರೆ ಮೈಎಸ್‌ಕ್ಯುಎಲ್ ಎದ್ದ ಮೇಲೆ ತನ್ನ ಲಾಗ್ ನೋಡಿ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳುತ್ತದೆ. ಸರ್ವಿಸ್ ‘ರನ್ನಿಂಗ್’ ಎಂದು ತೋರಿಸುವುದಕ್ಕೂ ಸಂಪರ್ಕ ಸ್ವೀಕರಿಸಲು ಸಿದ್ಧವಾಗುವುದಕ್ಕೂ ಅಂತರ ಇರಬಹುದು. ಅದಕ್ಕೆ ಟಾಮ್‌ಕ್ಯಾಟ್‌ನ ಆರಂಭದ ಬಗೆಯನ್ನು ಸ್ಟಾರ್ಟ್= ಡಿಲೇಡ್-ಆಟೋ ಮಾಡಿ, ಉಳಿದವು ಎದ್ದು ಸುಮಾರು ಎರಡು ನಿಮಿಷವಾದ ಮೇಲೆ ಏಳುವಂತೆ ಇಡಲಾಯಿತು. ಬೆಳಿಗ್ಗೆ ಎರಡು ನಿಮಿಷ ಕಾಯುವುದು ಕೌಂಟರಿಗೆ ಹೊರೆಯಲ್ಲ.

ಡೆಸ್ಕ್‌ಟಾಪ್ ವಿಂಡೋಸ್‌ನದೇ ಆದ ಎರಡು ಕಿತಾಪತಿ

ಸರ್ವರ್ ವಿಂಡೋಸ್‌ನಲ್ಲಿ ಕಾಡದ ಎರಡು ಸಂಗತಿ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಕಾಡುತ್ತವೆ. ಒಂದು ನಿದ್ದೆ. ಕಾರ್ಯದರ್ಶಿ ಸಭೆಗೆ ಹೋಗಿ ಕೀಬೋರ್ಡ್ ಮುಟ್ಟುವವರಿಲ್ಲದಿದ್ದರೆ ಯಂತ್ರ ಸ್ಲೀಪ್‌ಗೆ ಹೋಗುತ್ತದೆ, ಸರ್ವಿಸೂ ಜೊತೆಗೇ. ಪವರ್‌ಸಿಎಫ್‌ಜಿ /ಚೇಂಜ್ ಸ್ಟ್ಯಾಂಡ್‌ಬೈ-ಟೈಮೌಟ್-ಎಸಿ 0 ಎಂದರೆ ಅದು ತಪ್ಪುತ್ತದೆ. ಮಾನಿಟರ್ ಆರಿದರೆ ಚಿಂತೆಯಿಲ್ಲ.

ಇನ್ನೊಂದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 10 ಮತ್ತು 11ರಲ್ಲಿ ಶಟ್ ಡೌನ್ ಮಾಡಿದಾಗ ಬಳಕೆದಾರರ ಸೆಷನ್‌ಗಳು ಮಾತ್ರ ಮುಚ್ಚುತ್ತವೆ. ಕರ್ನೆಲ್ ಮತ್ತು ಸೆಷನ್ 0 ಡಿಸ್ಕಿಗೆ ಬರೆಯಲ್ಪಟ್ಟು ಮರುದಿನ ಅಲ್ಲಿಂದಲೇ ಮುಂದುವರಿಯುತ್ತವೆ. ಅಂದರೆ ಸಂಜೆ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೂ ಟಾಮ್‌ಕ್ಯಾಟ್ ಹೊಸದಾಗಿ ಆರಂಭವಾಗಿಲ್ಲ. ಸರ್ವರ್.ಎಕ್ಸ್‌ಎಂಎಲ್ ತಿದ್ದಿ ‘ಆಫ್ ಮಾಡಿ ಆನ್ ಮಾಡಿ’ ಎಂದು ಫೋನಿನಲ್ಲಿ ಹೇಳಿದವರಿಗೆ ಬದಲಾವಣೆ ಕಾಣದಿರುವುದು ಇದರಿಂದಲೇ. ಲಾಗಿನಲ್ಲಿ ಆ ದಿನದ ‘ಸರ್ವರ್ ಸ್ಟಾರ್ಟಪ್ ಇನ್’ ಎಂಬ ಸಾಲಿಲ್ಲದಿದ್ದರೆ ಖಾತ್ರಿ. ರೀಸ್ಟಾರ್ಟ್ ಮಾತ್ರ ನಿಜವಾದ ಹೊಸ ಆರಂಭ. ಪವರ್‌ಸಿಎಫ್‌ಜಿ /ಎಚ್ ಆಫ್ ಎಂದು ಹೈಬರ್ನೇಶನ್ನನ್ನೇ ತೆಗೆದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ.

ಜೊತೆಗೆ ಬಯಾಸ್‌ನಲ್ಲಿ ಕರೆಂಟ್ ಮರಳಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆಯನ್ನು ಹಾಕಿಡಬೇಕು. ಯುಪಿಎಸ್ ಬ್ಯಾಟರಿ ಮುಗಿದು ಯಂತ್ರ ನಿಂತರೆ ಗುಂಡಿ ಒತ್ತಲು ಯಾರೂ ಬೇಕಾಗುವುದಿಲ್ಲ.

ಪರೀಕ್ಷೆ ಮತ್ತು ಮುಂದಿನ ಅಪ್‌ಗ್ರೇಡ್

ರೀಸ್ಟಾರ್ಟ್ ಮಾಡಿ, ಲಾಗಿನ್ ಪರದೆಯಲ್ಲೇ ಬಿಟ್ಟು, ಐದು ನಿಮಿಷದ ನಂತರ ಕೌಂಟರಿನ ಕಂಪ್ಯೂಟರ್‌ನಿಂದ ಒಂದು ರಸೀದಿ ಮಾಡಿ ನೋಡಬೇಕು. ಸರ್ವರ್ ಯಂತ್ರದಲ್ಲಿ ಲಾಗಿನ್ ಆಗಿ ಮಾಡುವ ಪರೀಕ್ಷೆಗೆ ಬೆಲೆಯಿಲ್ಲ. ಒತ್ತಕ್ಷರವಿರುವ ಹೆಸರಿನ ಸದಸ್ಯರೊಬ್ಬರ ಸಾಲು ಸಿಎಸ್‌ವಿಯಲ್ಲಿ ಸರಿಯಾಗಿ ಬಂದಿದೆಯೇ, ಸ್ಕ್ಯಾನ್ ಮಾಡಿದ ಸಹಿ ತೆರೆಯುತ್ತದೆಯೇ ನೋಡಿ. ಆಮೇಲೆ ಕೌಂಟರ್ ಮುಚ್ಚಿದ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಟಾಮ್‌ಕ್ಯಾಟ್9.ಎಕ್ಸಿಯನ್ನು ಕೊಂದು, ಒಂದು ನಿಮಿಷಕ್ಕೆ ಮತ್ತೆ ಏಳುತ್ತದೆಯೇ ಗಮನಿಸಿ. ಏಳದಿದ್ದರೆ ಮೊದಲು ನೋಡಬೇಕಾದದ್ದು ಲಾಗ್ಸ್ ಫೋಲ್ಡರಿನ ಕಾಮನ್ಸ್-ಡೀಮನ್ ಹೆಸರಿನ ಅಂದಿನ ಫೈಲು. ಜೆವಿಎಂ ಏಳುವುದಕ್ಕೆ ಮುಂಚಿನ ದೋಷಗಳು ಟಾಮ್‌ಕ್ಯಾಟ್‌ನ ಸ್ವಂತ ಲಾಗಾದ ಕ್ಯಾಟಲೀನಾ ಲಾಗಿಗೆ ತಲುಪುವುದೇ ಇಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರದಲ್ಲಿ ವಿಂಡೋಸ್ 11 ಹಾಕಿದಾಗಲೂ ಮೇಲಿನ ಹಂತಗಳಲ್ಲಿ ಬದಲಾಗುವುದೇನೂ ಇಲ್ಲ, ಆದರೆ ಅವನ್ನೆಲ್ಲ ಮತ್ತೆ ಮಾಡಬೇಕು. ಟಾಮ್‌ಕ್ಯಾಟ್ ಅಪ್‌ಗ್ರೇಡ್ ಮಾಡುವಾಗಲೂ ಹೀಗೇ: ಸರ್ವಿಸ್.ಬ್ಯಾಟ್ ರಿಮೂವ್ ಎಂದು ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಆಪ್ಷನ್‌ಗಳು, ಮೆಮೊರಿ ಮಿತಿ, ರಿಕವರಿ ಎಲ್ಲವೂ ಹೋಗಿರುತ್ತವೆ. ಹಾಗಾಗಿ ಈ ಆಜ್ಞೆಗಳನ್ನೆಲ್ಲ ಒಂದೇ ಬ್ಯಾಚ್ ಫೈಲಿನಲ್ಲಿ ಬರೆದು ಟಾಮ್‌ಕ್ಯಾಟ್ ಫೋಲ್ಡರಿನ ಹೊರಗೆ ಇಡಲಾಗಿದೆ. ರಿಮೂವ್ ಮಾಡುವ ಮುನ್ನ ಸರ್ವಿಸಸ್ ಕಿಟಕಿ ಮುಚ್ಚಿರಬೇಕು. ಅದು ತೆರೆದಿದ್ದರೆ ಸರ್ವಿಸ್ ಅಳಿಯದೆ ‘ಅಳಿಸಲು ಗುರುತಿಸಲಾಗಿದೆ’ ಎಂಬ 1072 ದೋಷದಲ್ಲಿ ಸಿಕ್ಕಿಕೊಂಡು, ಅದೇ ಹೆಸರಿನಲ್ಲಿ ಹೊಸದನ್ನು ಹಾಕಲು ಬಿಡುವುದಿಲ್ಲ; ಕಿಟಕಿ ಮುಚ್ಚಿದ ಕೂಡಲೇ ಬಿಡುತ್ತದೆ.